ಬೇಡಿ ಹಾಕಿದ ಮಂತ್ರಿ ಮತ್ತು ನನ್ನ ಮುತ್ತಿನಂಥ ಅಕ್ಷರ

ಲೇ ಬಸ್ಯಾ,

ಮನೆಗೆ ಬಣ್ಣ ಹೊಡೆಸ್ತಾ ಇದ್ದೀನಿ. ಪಡಸಾಲೆ ಗೋಡೆ ಮೇಲಿದ್ದ ನಿನ್ನ ಆ ಐತಿಹಾಸಿಕ ಕೈಗುರುತೂ ಹೋಯಿತು, ಬೇಜಾರಾಗಬೇಡ. ಅಪ್ಪನ ಟ್ರಂಕು ಇಳಿಸಿದಾಗ ಜಾರ್ಜ್ ಫರ್ನಾಂಡಿಸ್ ಫೋಟೋ ಸಿಕ್ಕಿತು. ಪೇಪರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಬೇಡಿ ಬಿದ್ದ ಕೈ ಮೇಲೆತ್ತಿದ್ದಾರಲ್ಲ, ಅದೇ.

"ಯಾರ್ ಸಾರ್ ಇವ್ನು, ಕಳ್ಳನಾ?" ಅಂದ ಬಣ್ಣದ ಹುಡುಗ.

"ದೇಶದ ರಕ್ಷಣಾ ಮಂತ್ರಿ ಆಗಿದ್ದೋರು ಕಣಪ್ಪ" ಅಂದೆ. ತಮಾಷೆ ಅಂದುಕೊಂಡು ನಕ್ಕ.

ಅಪ್ಪನಿಗೆ ಆ ಮನುಷ್ಯ ದೇವರು. 1974ರ ಮೇ ತಿಂಗಳಲ್ಲಿ ಅವರ ಮುಂದಾಳತ್ವದಲ್ಲಿ ಸುಮಾರು 17 ಲಕ್ಷ ರೈಲ್ವೆ ನೌಕರರು 20 ದಿನ ಮುಷ್ಕರ ಮಾಡಿದರಲ್ಲ, ಅದರಲ್ಲಿ ನಮ್ಮಪ್ಪ ಅನ್ನೋ ಗ್ಯಾಂಗ್‌ಮನ್ನೂ ಒಬ್ಬ. ಕೆಲಸ ಹೋಯಿತು. 1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ ವಾಪಸ್ ಸಿಕ್ಕಿತು. ಜಾರ್ಜ್ ಆಗ ತುರ್ತು ಪರಿಸ್ಥಿತಿಯ ಜೈಲಲ್ಲಿ ಕೂತೇ ಬಿಹಾರದ ಮುಜಫರ್‌ಪುರದಿಂದ ಗೆದ್ದು ಮಂತ್ರಿಯಾಗಿದ್ದರು. 1989ರಲ್ಲಿ ಅವರು ರೈಲ್ವೆ ಮಂತ್ರಿಯೇ ಆದಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ.

ಆಮೇಲೆ 1998. ಅಣುಬಾಂಬೇ ಬೇಡ ಅನ್ನುತ್ತಿದ್ದ ಸಮಾಜವಾದಿ ರಕ್ಷಣಾ ಮಂತ್ರಿಯಾದರು, ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯಿತು. ಅಪ್ಪ ಏನೂ ಅನ್ನಲಿಲ್ಲ. ಫೋಟೋ ತೆಗೆಯಲೂ ಇಲ್ಲ. ಶುಕ್ರವಾರ ಒರೆಸೋದನ್ನು ಮಾತ್ರ ಬಿಟ್ಟ.

ಅನ್ನುತ್ತಿದ್ದವನು ನಾನು. ಜಯದೇವ ಸರ್ಕಲ್‌ನಲ್ಲಿ ನಿಂತು, 1979ರಲ್ಲಿ ಅವರು ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರದ ಪರವಾಗಿ ಗುಡುಗಿದ್ದನ್ನೂ, ಕೆಲವೇ ದಿನಕ್ಕೆ ಅದೇ ಸರ್ಕಾರ ಬಿಟ್ಟು ಬಂದಿದ್ದನ್ನೂ ಎಷ್ಟು ಸಲ ಹೇಳಿಲ್ಲ! "ಸಾಕು ಬಿಡಲೇ, ಮಿರ್ಚಿ ಆರ್ತಾವ" ಅಂತಿದ್ದೆ ನೀನು.

ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ಹೋದ ತಿಂಗಳು ನಮ್ಮ ಕಂಪನಿ ಗೇಟಿನ ಮುಂದೆ ಗುತ್ತಿಗೆ ಕೆಲಸದವರು ಕೂತರು. ಎರಡು ತಿಂಗಳ ಓಟಿ ದುಡ್ಡು ಬಾಕಿ. ಅವರು ಕೇಳಿದ್ದು ನ್ಯಾಯವಾಗೇ ಇತ್ತು. "ನಾಳೆ ಪಾಳಿಗೆ ಬಾರದವರ ಹೆಸರು ತೆಗೆಯಲಾಗುವುದು" ಅಂತ ನೋಟಿಸ್ ಹಾಕು ಅಂದರು ಮೇಲಿನವರು. ಕರೆಂಟಿರಲಿಲ್ಲ, ಪ್ರಿಂಟರ್ ಬಂದ್. ನಾನೇ ಮಾರ್ಕರ್ ಹಿಡಿದು ಬರೆದೆ. ಆ ಕಾಲದಲ್ಲಿ ರಾತ್ರಿ ನೀನು ಬಕೆಟ್ ಹಿಡ್ಕೊಂಡು ನಿಂತಾಗ ಗೋಡೆ ಮೇಲೆ ಕೆಮ್ಮಣ್ಣಲ್ಲಿ ಘೋಷಣೆ ಬರೀತಿದ್ದೆನಲ್ಲ, ಅದೇ ಅಕ್ಷರ. 'ಗು'ಗೆ ಬಾಲ ಎಳೆಯೋದೂ ಅದೇ. ವಯಸ್ಸಾದವರೊಬ್ಬರು ನಿಧಾನಕ್ಕೆ ಓದಿದರು. "ಅಕ್ಷರ ಮುತ್ತಿನಂಗ ಅದಾವ್ರಿ ಸಾರ್" ಅಂದರು. ಕೊಂಕಿರಲಿಲ್ಲ ಕಣಲೇ, ಮೆಚ್ಚಿಯೇ ಅಂದಿದ್ದು.

ಮರುದಿನ ಎಲ್ಲರೂ ಒಳಗೆ ಬಂದರು. ನನಗೆ ಸಮಾಧಾನವಾಯಿತು. ಹೌದು, ಮೊದಲು ಸಮಾಧಾನವೇ ಆಯಿತು. ನಾಚಿಕೆ ಬರೋಕೆ ಮೂರು ದಿನ ಬೇಕಾಯಿತು. ಓಟಿ ದುಡ್ಡು ಇನ್ನೂ ಬಂದಿಲ್ಲ.

ಜಾರ್ಜ್‌ಗೆ ಖಾತೆಯಾದರೂ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಒಂದು ಎಸಿ ರೂಮು. ಅದೂ ಸೋರುತ್ತೆ.

ಇರಲಿ, ಜಾಸ್ತಿ ಆಯ್ತು. ನಾಲ್ಕು ಜನ ಓದೋ ಜಾಗ ಇದು. ಅಂದಹಾಗೆ ಇದೇ ಮುತ್ತಿನ ಅಕ್ಷರದಲ್ಲಿ ನೀನು ಯಾರಿಗೋ ನನ್ನ ಕೈಲಿ ಹನ್ನೊಂದು ಪತ್ರ ಬರೆಸಿದ್ದೆ, ಅದರ ಕೂಲಿ ಇನ್ನೂ ಬಾಕಿ. ಊರಿಗೆ ಬಂದಾಗ ಬೆಣ್ಣೆ ದೋಸೆ ಕೊಡಿಸು. ಇಲ್ಲಾಂದ್ರೆ ಹೆಸರು ಹಾಕಿ ಇನ್ನೊಂದು ಪೋಸ್ಟ್ ಬರುತ್ತೆ.

ನಿನ್ನ,
ಬಕೆಟ್ ಇಲ್ಲದ ಪೇಂಟರ್
ದಾವಣಗೆರೆ