ಅಪ್ಪನ 31 ಕಾಗದಗಳು, ನನ್ನ ಮೇಲಿನ ಋಣ

ಅಪ್ಪ ಹೋಗಿ ಒಂದು ವರ್ಷವಾಯಿತು. ಅಷ್ಟರೊಳಗೆ ಅವರ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಬಿಡಿಸಿ, ಓದಿ, ಸ್ಕ್ಯಾನ್ ಮಾಡಿ ಮುಗಿಸಬೇಕು ಅಂತ ಹಟ ಹಿಡಿದಿದ್ದೆ. ಹೋದ ವಾರ ಮುಗಿಯಿತು. ಒಟ್ಟು 31. ನಾನೊಬ್ಬಳೇ ಕೂತಿದ್ದರೆ ಹತ್ತೂ ಆಗುತ್ತಿರಲಿಲ್ಲ. ಅದಕ್ಕೇ ಈ ಬರಹ.

ಅಪ್ಪ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ ಸೇರಿದವರು. 1971ರ ಪಾಕಿಸ್ತಾನ ಯುದ್ಧದಲ್ಲಿ 1ನೇ ಮರಾಠಾ, ಅಂದರೆ ಜಂಗಿ ಪಲ್ಟನ್ (ಬೆಟಾಲಿಯನ್) ಜೊತೆ ಪೂರ್ವದ ಗಡಿಯಲ್ಲಿದ್ದರು. ಅವರ ವಿಳಾಸದಲ್ಲಿ ಊರೇ ಇಲ್ಲ. ನಂಬರು, ಹೆಸರು, ಪಲ್ಟನ್, ಕೊನೆಗೆ '99 ಎಪಿಒ', ಅಂದರೆ ಆರ್ಮಿ ಪೋಸ್ಟ್ ಆಫೀಸು. ಠಸ್ಸೆಯಲ್ಲೂ ಬರೀ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು. ನನಗೆ ತಲೆಬುಡ ತಿಳಿಯಲಿಲ್ಲ. ಸೈನ್ಯದ ಅಂಚೆಯಲ್ಲಿ ದುಡಿದು ಬಂದ ನಮ್ಮ ಓಣಿಯ ಕಾಕಾ ಒಂದು ಸಂಜೆ ಪೂರ್ತಿ ಕೂತು ಹೇಳಿದರು. 56 ಎಪಿಒ ಅಂದರೆ ದಿಲ್ಲಿ ಮೇಲಿಂದ, 99 ಅಂದರೆ ಕಲ್ಕತ್ತಾ ಮೇಲಿಂದ. ಪಲ್ಟನ್ ಈಗ ಎಲ್ಲಿದೆ ಅಂತ ಅಲ್ಲಿನ ಅಂಚೆಯವರಿಗೆ ಗೊತ್ತು, ಅವರು ಚೀಲ ಕಟ್ಟಿ ಕಳಿಸುತ್ತಾರೆ. ಜಾಗ ಬದಲಾದರೂ ಮನೆಯವರು ವಿಳಾಸ ಬದಲಿಸಬೇಕಿಲ್ಲ, ವೈರಿಗೂ ಸುಳಿವು ಸಿಗಲ್ಲ. ಕಾಕಾ, ನಿಮಗೆ ನಮಸ್ಕಾರ.

ಮನೆಯಿಂದ ಅಪ್ಪನಿಗೆ ಹೋದದ್ದರಲ್ಲಿ ಉಳಿದಿರುವುದು ಒಂದೇ ಕಾಗದ. ಅದರ ಮೇಲೆ 5 ಪೈಸೆಯ ಸ್ಟ್ಯಾಂಪು ಬೇರೆ ಇದೆ. ಕುಟುಂಬ ಯೋಜನೆಯ ಚಿತ್ರ, ಅದರ ಮೇಲೆ ನಿರಾಶ್ರಿತರ ಪರಿಹಾರ ಅಂತ ಅಚ್ಚು. 1971ರ ನವೆಂಬರ್ 15ರಿಂದ ಕಾಗದಕ್ಕೆ ಈ ಐದು ಪೈಸೆ ಜಾಸ್ತಿ ಹಚ್ಚಲೇಬೇಕಿತ್ತು. ಗಡಿ ದಾಟಿ ಓಡಿಬಂದ ಪೂರ್ವ ಬಂಗಾಳದ ಜನಕ್ಕಾಗಿ. ಅಜ್ಜ ಗೊಣಗಿಯೇ ಹಚ್ಚಿರುತ್ತಾರೆ. ಅವರನ್ನು ನಾನು ಬಲ್ಲೆ.

ಅಜ್ಜನ ಮನೆಗೆ ಕಾಗದ ತರುತ್ತಿದ್ದ ಪೋಸ್ಟ್‌ಮನ್ ಈಗಿಲ್ಲ. ಯುದ್ಧದ ದಿನಗಳಲ್ಲಿ ಅವರು ಅಗಸಿ ಹತ್ತಿರ ಬಂದಾಗಲೇ ಮಡಚಿ ಅಂಟಿಸುವ ನೀಲಿ ಇನ್‌ಲ್ಯಾಂಡ್ ಕಾಗದ ಎತ್ತಿ ಹಿಡಿದು ತೋರಿಸುತ್ತಿದ್ದರಂತೆ. ಕೆಟ್ಟ ಸುದ್ದಿಯ ತಂತಿ (ಟೆಲಿಗ್ರಾಂ) ಅಲ್ಲ, ಕಾಗದ ಅಂತ ದೂರದಿಂದಲೇ ತಿಳಿಯಲಿ ಅಂತ. ಅವ್ವ ಇದನ್ನು ಈಗಲೂ ಕೈಯೆತ್ತಿ ಮಾಡಿ ತೋರಿಸುತ್ತಾಳೆ. ಅವರ ಮಕ್ಕಳಿಗೆ ಈ ಮಾತು ಮುಟ್ಟಲಿ.

ಡಿಸೆಂಬರಿನಲ್ಲಿ ಕಾಗದ ನಿಂತುಹೋಯಿತು. 16ನೇ ತಾರೀಖು ಢಾಕಾ ಶರಣಾಯಿತು ಅಂತ ರೇಡಿಯೋ ಹೇಳಿತು, ಊರು ಕುಣಿಯಿತು. ನಮ್ಮ ಮನೆಯಲ್ಲಿ ಯಾರೂ ಕುಣಿಯಲಿಲ್ಲ. ಜನವರಿಯಲ್ಲಿ ಇನ್‌ಲ್ಯಾಂಡ್ ಬಂತು, ಆದರೆ ಅಕ್ಷರ ಅಪ್ಪನದಲ್ಲ, ಮರಾಠಿ! ಓದುವ ಮಾಸ್ತರು ಬರುವ ತನಕ ಅಜ್ಜಿ ಒಲೆ ಹಚ್ಚಲಿಲ್ಲವಂತೆ. ಒಳಗೆ ಇದ್ದದ್ದು ಇಷ್ಟೇ: ನಾನು ಕ್ಷೇಮ, ಕೈಗೆ ಸ್ವಲ್ಪ ಪೆಟ್ಟಾಗಿದೆ, ಗೆಳೆಯ ಬರೆಯುತ್ತಿದ್ದಾನೆ, ಹಿಂಗಾರಿ ಜೋಳ ತೆನೆ ಹಿರಿಯಿತೇ? ಸಾತಾರಾ ಕಡೆಯ ಆ ಗೆಳೆಯರಿಗೆ ನಾನು ಏನಂತ ಹೇಳಲಿ!

ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲ. ಅಪ್ಪನ ಪಲ್ಟನ್ ಇದ್ದದ್ದು ಆಗಿನ ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿ. ಅಲ್ಲಿಯೂ ಒಂದು ಕಾಗದದ ಕತೆ ಇದೆ. ನಮ್ಮ ಬ್ರಿಗೇಡಿಯರ್ ಹರ್ದಿತ್ ಸಿಂಗ್ ಕ್ಲೇರ್ 'ಶರಣಾಗಿ' ಅಂತ ಬರೆದು ಮುಕ್ತಿವಾಹಿನಿಯ (ಬಾಂಗ್ಲಾ ಹೋರಾಟಗಾರರ ಪಡೆಯ) ಒಬ್ಬರ ಕೈಲಿ ಕಳಿಸಿದರು. ಪಾಕಿಸ್ತಾನದ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರದ ಜೊತೆ ಒಂದು ಗುಂಡು ಇಟ್ಟು ಕಳಿಸಿದರು. ಪೆನ್ನು ಬಿಟ್ಟು ಸ್ಟೆನ್‌ಗನ್ ಹಿಡಿ ಅಂತ ಬರೆದಿದ್ದರು. ಡಿಸೆಂಬರ್ 11ಕ್ಕೆ ಜಮಾಲ್‌ಪುರ ಕೈಸೇರಿತು. ಇದನ್ನೆಲ್ಲ ನಾನು ತಿಳಿದದ್ದು ಓದಿ. ಅಪ್ಪ ಕೇಳಿದ್ದು ಜೋಳದ ಬಗ್ಗೆ.

ಸ್ಕ್ಯಾನ್ ಮಾಡಿದ ತಮ್ಮನ ಮಗನಿಗೆ ಒಂದು ಊಟ ಬಾಕಿ ಇದೆ. ನೋಡಿ ಕೊಡ್ತೀನಿ ಅಂತ ಎರಡು ಕಾಗದ ಒಯ್ದವರಿಗೂ ಥ್ಯಾಂಕ್ಸ್. ವಾಪಸ್ ಕೊಟ್ಟರೆ ಇನ್ನೂ ಜಾಸ್ತಿ.

ದೊಡ್ಡ ಋಣ ಹುಬ್ಬಳ್ಳಿಯ ಅಕ್ಕನದು. ಆಗೆಲ್ಲ ಕಾಗದ ಬರುತ್ತಿದ್ದದ್ದು ಅಜ್ಜನ ಹೆಸರಿಗೆ. 'ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು' ಅಂತ ಶುರು. ಮಾಸ್ತರು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಬೇಕು, ಇಡೀ ಮನೆ ಕೇಳಬೇಕು. ಹೊಸ ಸೊಸೆ ಅವ್ವ ಬಾಗಿಲ ಹಿಂದೆ. ಅವಳಿಗೆ ಅಂತ ಅಪ್ಪ ಬರೆಯುತ್ತಿದ್ದದ್ದು ಅಂಟು ಹಚ್ಚಿ ಮಡಚುವ ಆ ಸಣ್ಣ ಪಟ್ಟಿಯ ಒಳಗೆ. ಮಾಸ್ತರು ಅಷ್ಟನ್ನು ಮಾತ್ರ ಓದದೆ ಕಾಗದ ಮಡಚಿ ಒಳಗೆ ಕೊಟ್ಟುಬಿಡುತ್ತಿದ್ದರು. ದೊಡ್ಡ ಮನುಷ್ಯ. ಅವ್ವನಿಗೆ ಓದು ಬರದು. ಏಳನೇ ಇಯತ್ತೆಯಲ್ಲಿದ್ದ ಪಕ್ಕದ ಮನೆಯ ಈ ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದಳು.

ಟ್ರಂಕಿನ 31ರಲ್ಲಿ ಹನ್ನೊಂದಕ್ಕೆ ಆ ಪಟ್ಟಿಯೇ ಇಲ್ಲ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದೆ. ಎಲ್ಲಿಟ್ಟಿದ್ದೀ ಅಂತ ಅವ್ವನನ್ನು ಕೇಳಿದೆ. ಹಾಲು ಉಕ್ಕುತ್ತದೆ ಅಂತ ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಐವತ್ತು ವರ್ಷದ ಮೇಲಾಯ್ತು, ಏನಿತ್ತು ಹೇಳಕ್ಕಾ ಅಂದೆ.

"ನೆನಪೈತಿ ತಂಗಿ, ಎಲ್ಲಾ ನೆನಪೈತಿ. ಆದ್ರ ಅದು ನಿಮ್ಮವ್ವಂದು" ಅಂದಳು. ಆಮೇಲೆ ಜೋಳದ ರೇಟು ಕೇಳಿದಳು.