ಕಾರ್ಡಿನಲ್ಲಿ ಇಲ್ಲದ ಸಹಿ

ಕಳೆದ ವಾರ ನನ್ನ ಕೊನೆಯ ಪಂದ್ಯಾವಳಿ ಮುಗಿಯಿತು. 1999ರಲ್ಲಿ ವೃತ್ತಿಪರ ಗಾಲ್ಫ್ ಆಟಗಾರನಾದಾಗ ಐದು ವರ್ಷ ನಿಂತರೆ ಸಾಕು ಎಂದುಕೊಂಡಿದ್ದವನು ಇಪ್ಪತ್ತೈದು ವರ್ಷ ಆಡಿದ್ದೇನೆ. ಫೋನ್ ಮಾಡಿದವರಿಗೆ, ಕೊನೆಯ ದಿನ ಹದಿನೆಂಟನೇ ಗ್ರೀನಿನ (ಕೊನೆಯ ಕುಳಿಯ ಸುತ್ತಲಿನ ಹುಲ್ಲುಹಾಸಿನ) ಬಳಿ ಬಿಸಿಲಿನಲ್ಲಿ ಕಾದು ನಿಂತವರಿಗೆ ಒಬ್ಬೊಬ್ಬರಾಗಿ ಉತ್ತರಿಸಲು ಸಾಧ್ಯವಾಗದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಜೊತೆ ಬೂಟು ಕೊಡಿಸಿದ ಕ್ಲಬ್ಬಿನ ಹಿರಿಯ ಸದಸ್ಯರಿಗೆ, ಸೋತ ವರ್ಷಗಳಲ್ಲೂ ಪ್ರವೇಶ ಶುಲ್ಕ ಕಟ್ಟಿದ ಇಬ್ಬರು ಹಿತೈಷಿಗಳಿಗೆ, ನನ್ನ ಬೆನ್ನನ್ನು ಮತ್ತೆ ನೆಟ್ಟಗೆ ಮಾಡಿದ ವೈದ್ಯರಿಗೆ, ವರ್ಷದಲ್ಲಿ ಆರು ತಿಂಗಳು ಮನೆಯಲ್ಲಿರದ ಗಂಡನನ್ನು ಸಹಿಸಿದ ಹೆಂಡತಿಗೆ ನಾನು ಋಣಿ. ಹೆಂಡತಿಯನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಯಾರೂ ಬೇಸರಪಡಬೇಕಾಗಿಲ್ಲ. ಈ ಬರಹ ಯಾರಿಗೆ ಸಲ್ಲಬೇಕೆಂದು ಹೇಳಿದವಳು ಅವಳೇ.

ಆಟದುದ್ದಕ್ಕೂ ನನ್ನ ಬ್ಯಾಗ್ ಹೊತ್ತು ಸಲಹೆ ಕೊಡುತ್ತಿದ್ದ ನನ್ನ ಕ್ಯಾಡಿಯನ್ನು ನೀವೆಲ್ಲ ಬಲ್ಲಿರಿ. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಬೆಂಗಳೂರಿನಲ್ಲಿ ನಾವಿಬ್ಬರೂ ಬ್ಯಾಗ್ ಹೊರುವ ಹುಡುಗರಾಗಿದ್ದಾಗ, ಸದಸ್ಯರು ಆಡಲು ಬಾರದ ದಿನ, ಇಬ್ಬರ ನಡುವಿನ ಒಂದೇ ಹಳೆಯ ಗಾಲ್ಫ್ ಕೋಲುಗಳ ಸೆಟ್ಟಿನಲ್ಲಿ ಆಡುತ್ತಿದ್ದೆವು. ಹತ್ತು ಸಲ ಆಡಿದರೆ ಎಂಟು ಸಲ ಅವರೇ ಗೆಲ್ಲುತ್ತಿದ್ದರು. ಮೂವರು ತಂಗಿಯರ ಮದುವೆಯ ಭಾರ ಹೆಗಲ ಮೇಲಿದ್ದವರಿಗೆ, ಚೆನ್ನಾಗಿ ಆಡಿದ ವಾರ ಮಾತ್ರ ಹಣ ಕಾಣುವ ವೃತ್ತಿಗೆ ಇಳಿಯಲು ಧೈರ್ಯವಿರಲಿಲ್ಲ ಎನ್ನುವುದು ಅನ್ಯಾಯ, ಅನುಕೂಲವಿರಲಿಲ್ಲ. ನಮ್ಮಂತೆ ಕ್ಯಾಡಿಯಾಗಿ ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಗುಡಗಾಂವಿನಲ್ಲಿ ಸ್ಕೋರ್ ಸಮವಾದಾಗ ಆಡಿಸುವ ಪ್ಲೇಆಫ್ ಆಡಿ ಇಂಡಿಯನ್ ಓಪನ್ ಗೆದ್ದ ಸುದ್ದಿ ಬಂದಾಗ ಕ್ಯಾಡಿಗಳ ಶೆಡ್ಡಿನಲ್ಲಿದ್ದವರೆಲ್ಲ ಕುಣಿದರು. ಅಣ್ಣನೂ ಚಪ್ಪಾಳೆ ತಟ್ಟಿದರು, ಆಮೇಲೆ ಎದ್ದು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಏನೂ ಕೇಳಲಿಲ್ಲ.

ಬೆನ್ನು ಕೈಕೊಟ್ಟ ಕಥೆಯನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅದರ ಮರುವರ್ಷ ಜಮ್‌ಶೆಡ್‌ಪುರದಲ್ಲಿ, ಬೆಲ್ಡಿ ಮತ್ತು ಗೋಲ್ಮುರಿ ಮೈದಾನಗಳಲ್ಲಿ ನಡೆದ ಪಂದ್ಯಾವಳಿಯಲ್ಲಿ, ಎರಡನೇ ದಿನದ ಕೊನೆಯ ಗ್ರೀನಿನಲ್ಲಿ ಚೆಂಡನ್ನು ಕುಳಿಗೆ ಉರುಳಿಸಲು ಮೂರು ಪಟ್ ತೆಗೆದುಕೊಂಡು, ಒಂದೇ ಒಂದು ಹೊಡೆತದಿಂದ ಕಟ್, ಅಂದರೆ ಉಳಿದ ದಿನಗಳಲ್ಲಿ ಆಡುವ ಅರ್ಹತೆ, ಕಳೆದುಕೊಂಡೆ. ಸತತವಾಗಿ ಅದು ಆರನೆಯದು. ಕಟ್ ತಪ್ಪಿದವನಿಗೆ ಬಹುಮಾನದ ಹಣದಲ್ಲಿ ಒಂದು ರೂಪಾಯಿಯೂ ಇಲ್ಲ. ಪ್ರವೇಶ ಶುಲ್ಕ, ರೈಲು, ಲಾಡ್ಜು, ಕ್ಯಾಡಿಯ ವಾರದ ಸಂಬಳ ಎಲ್ಲವೂ ಕೈಯಿಂದಲೇ ಹೋಗಬೇಕು. ಆ ರಾತ್ರಿ ನಾನು ಆಡಿದ ಮಾತುಗಳಲ್ಲಿ ಇಲ್ಲಿ ಬರೆಯಬಹುದಾದದ್ದು ಒಂದೇ: ಬೆಳಿಗ್ಗೆ ಸೆಟ್ ಮಾರಿಬಿಡುತ್ತೇನೆ ಎಂದದ್ದು. ಅಣ್ಣ ಬಕೆಟ್ಟಿನಲ್ಲಿ ಬಿಸಿನೀರು ತಂದು, ಬಟ್ಟೆ ಸೋಪು ಕದಡಿ, ಹಳೆಯ ಟೂತ್‌ಬ್ರಷ್ಷಿನಿಂದ ಒಂದೊಂದೇ ಕೋಲಿನ ಗ್ರಿಪ್, ಅಂದರೆ ಹಿಡಿ, ತಿಕ್ಕತೊಡಗಿದರು. ಹದಿನಾಲ್ಕೂ ಮುಗಿಯುವಾಗ ಮೂರು ಗಂಟೆಯಾಗಿತ್ತು. ಏನಣ್ಣ ಇದು ಎಂದು ಕೇಳಿದರೆ, “ಮಾರೋದಾದ್ರೆ ನೋಡೋಕೆ ಚೆನ್ನಾಗಿರ್ಬೇಕಲ್ಲಪ್ಪ” ಎಂದರು. ಆಮೇಲೂ ಅವರು ಮಲಗಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಬೆಳಗಿನವರೆಗೂ ಕುಳಿತಿದ್ದರು. ಏಕೆಂದು ಅವರೂ ಹೇಳಲಿಲ್ಲ, ನನಗೂ ಗೊತ್ತಿತ್ತು. ಆ ವಾರದ ಸಂಬಳವನ್ನು ಅಣ್ಣ ಇಂದಿಗೂ ಮುಟ್ಟಿಲ್ಲ.

ನಾನು ಹೊಡೆಯಲು ನಿಂತಾಗ ಹಿಂದಿನಿಂದ ನೋಡಿ, “ಎಡಕ್ಕೆ ತಿರುಗಿದ್ದೀಯ” ಎನ್ನುತ್ತಿದ್ದವರು ಅವರು. 2019ರಲ್ಲಿ ಬಂದ ನಿಯಮದ ಪ್ರಕಾರ ಆಟಗಾರ ನಿಲುವು ತೆಗೆದುಕೊಳ್ಳಲು ಆರಂಭಿಸಿದ ಮೇಲೆ ಕ್ಯಾಡಿ ಚೆಂಡಿನ ಹಿಂದೆ ಗುರಿಯ ನೇರಕ್ಕೆ ಬೇಕೆಂದೇ ನಿಲ್ಲುವಂತಿಲ್ಲ. ನಿಯಮ ನ್ಯಾಯವಾದದ್ದೇ, ಗುರಿ ನೋಡಿಕೊಳ್ಳುವುದು ಆಟಗಾರನ ಕೆಲಸ. ಆದರೂ ನಲವತ್ತು ದಾಟಿದ ನಾನು ಕೆಲವು ತಿಂಗಳು ಕೈಬಿಟ್ಟ ಮಗುವಿನಂತಾದೆ. ದಿನವೂ ಬೆಳಿಗ್ಗೆ ಹುಲ್ಲಿನ ಮೇಲೆ ಎರಡು ಬಿದಿರು ಕಡ್ಡಿ ಇಟ್ಟು, ಅವರು ದೂರದಲ್ಲಿ ಕುಳಿತು, ಬಾಯಿ ಬಿಡದೆ ನನಗೆ ಮತ್ತೆ ನಿಲ್ಲಲು ಕಲಿಸಿದರು.

ಸುತ್ತು ಮುಗಿದ ಮೇಲೆ ಸ್ಕೋರ್ ಕಾರ್ಡಿಗೆ ಆಟಗಾರ ಸಹಿ ಹಾಕಬೇಕು, ಅವನ ಸ್ಕೋರ್ ಬರೆದುಕೊಂಡ ಮಾರ್ಕರ್ ಹಾಕಬೇಕು. ಕ್ಯಾಡಿಗೆ ಅಲ್ಲಿ ಜಾಗವಿಲ್ಲ. ಕೊನೆಯ ದಿನದ ಕಾರ್ಡು ಕಚೇರಿಗೆ ಸೇರಿತು. ಅಂದು ಕಿಸೆಯಲ್ಲಿದ್ದ, ಮೈದಾನದ ದೂರಗಳನ್ನು ಗುರುತಿಸಿರುವ ಯಾರ್ಡೇಜ್ ಪುಸ್ತಕದ ಹಿಂಬದಿಗೆ ಅಣ್ಣನ ಸಹಿ ಹಾಕಿಸಿಕೊಂಡು ಇಟ್ಟುಕೊಂಡಿದ್ದೇನೆ.

ಸೆಟ್ಟನ್ನು ಅವರಿಗೇ ಕೊಟ್ಟೆ. ಮೊನ್ನೆ ಅವರ ಮನೆಗೆ ಹೋದಾಗ ಗ್ರಿಪ್ಪುಗಳನ್ನು ತೊಳೆದು ನೆರಳಿನಲ್ಲಿ ಸಾಲಾಗಿ ಒರಗಿಸಿದ್ದರು. ಏಳನೇ ಐರನ್ ಎಂಬ ಕೋಲು ಮಾತ್ರ ಕಾಣಲಿಲ್ಲ. ಮೊಮ್ಮಗಳು ಅಭ್ಯಾಸದ ರೇಂಜಿಗೆ ಒಯ್ದಿದ್ದಾಳಂತೆ.