ಮಗಳಿಗೊಂದು ಪತ್ರ: ನಮ್ಮ ಸಭೆ ಮತ್ತು ಅದರ ಶಾಲೆ

ಧಾರವಾಡ

ಪ್ರೀತಿಯ ಮಗಳೇ,

ಕಳೆದ ಭಾನುವಾರ ನೀನು ಸ್ಟುಟ್‌ಗಾರ್ಟಿನಿಂದ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಆಮೇಲೆ ನನಗೇ ಸಾಲದೆನಿಸಿತು. ಅಲ್ಲಿನ ದೇವಾಲಯದಲ್ಲಿ ಆರ್ಗನ್ ನುಡಿಯತೊಡಗಿದಾಗ ನಿನ್ನ ಬಾಯಿಗೆ ಕನ್ನಡದ ಸಾಲುಗಳು ತಾವಾಗಿಯೇ ಬಂದವೆಂದೂ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಆರಾಧನೆ ಮುಗಿದ ಮೇಲೆ "ನೀವೂ ಲುಥೆರನ್ ಸಭೆಯವರೇ?" ಎಂದು ವಿಚಾರಿಸಿದರೆಂದೂ, ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯಲಿಲ್ಲವೆಂದೂ ಹೇಳಿದೆ. ಆ ರಾಗವನ್ನು ನೀನು ಕಲಿತದ್ದು ಇಲ್ಲಿ, ನಮ್ಮ ಕ್ರೈಸ್ತ ಸಭೆಯ ಸಂಗೀತ ಪುಸ್ತಕದಿಂದ, ನನ್ನ ಪಕ್ಕದಲ್ಲಿ ನಿಂತು. ಅದು ಮೊದಲು ಅವರದೋ ನಮ್ಮದೋ ಎಂಬ ನಿನ್ನ ಅನುಮಾನಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಮೂವತ್ತು ವರ್ಷ ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸಿದವಳು ಇದನ್ನು ಬರೆದೇ ಹೇಳಬೇಕು.

ನೀನೀಗ ಇರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. ನಮ್ಮ ಸಭೆಗಳನ್ನು ನೆಟ್ಟ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಾದರೂ, ಅದು ಹೊರದೇಶಗಳಿಗೆ ಕಳುಹಿಸಿದವರಲ್ಲಿ ಹೆಚ್ಚಿನವರು ನಿನ್ನ ಸುತ್ತಲಿನ ಆ ಹಳ್ಳಿ ಪಟ್ಟಣಗಳ ರೈತರ, ಕುಶಲಕರ್ಮಿಗಳ, ಶಾಲಾಮಾಸ್ತರರ, ಪಾದ್ರಿಗಳ ಮಕ್ಕಳು. ವುರ್ಟೆಂಬರ್ಗಿನ ಸಭೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನ ಮಾರ್ಗದ್ದು, ಸ್ವಿಸ್ ಸಭೆಗಳು ಪ್ರಾಟೆಸ್ಟಂಟರಲ್ಲೇ ಇನ್ನೊಂದು ಕವಲಾದ ರಿಫಾರ್ಮ್ಡ್ ಮಾರ್ಗದವು. ಬಾಸೆಲ್ಲಿನವರು ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿದರು. ಆದ್ದರಿಂದ ಆ ಅಜ್ಜಿಗೆ ನೀನು ಹೌದೆಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ಆದರೆ ಪೂರ್ತಿ ಮಾತೂ ಆಗುತ್ತಿರಲಿಲ್ಲ. ನಮ್ಮ ಆರಾಧನೆಯಲ್ಲಿ ಆಡಂಬರವಿಲ್ಲದೆ ಹಾಡು, ಪ್ರಾರ್ಥನೆ, ಪ್ರಸಂಗ ಇಷ್ಟೇ ಇರುವುದೇಕೆಂದು ಚಿಕ್ಕವಳಿದ್ದಾಗ ನೀನು ಕೇಳುತ್ತಿದ್ದೆಯಲ್ಲ, ಆ ಸರಳತೆ ವುರ್ಟೆಂಬರ್ಗಿನ ಲುಥೆರನ್ನರದೇ. ಬೇರೆ ಹೆಚ್ಚಿನ ಲುಥೆರನ್ ಸೀಮೆಗಳ ಆರಾಧನೆಯಲ್ಲಿ ಅಷ್ಟು ಸರಳತೆಯಿಲ್ಲ.

ಅಲ್ಲಿಂದಲೇ ಬಂದ ಇನ್ನೊಂದು ಪದ್ಧತಿ ದೃಢೀಕರಣ. ಸಭೆಯಲ್ಲಿ ಬೆಳೆದ ಮಗು ಪ್ರಶ್ನೋತ್ತರ ಕಲಿತು, ಸತ್ಯವೇದ ಓದಿ, ಎಲ್ಲರೆದುರಿಗೆ ನಿಂತು ತನ್ನ ನಂಬಿಕೆಯನ್ನು ತಾನೇ ಹೇಳಬೇಕು. ಓದು ಬಾರದವರಿಗೆ ಇದು ಕಷ್ಟ, ಆದ್ದರಿಂದ ದೇವಾಲಯ ಎದ್ದ ಕಡೆ ಶಾಲೆಯೂ ಏಳಲೇಬೇಕಾಯಿತು. ಊರೂರಿನಲ್ಲಿ ಶಾಲೆ ತೆರೆಯಿರಿ, ಹೆಣ್ಣುಮಕ್ಕಳಿಗೂ ಓದು ಕಲಿಸಿರಿ ಎಂದು ಲೂಥರನು ಜರ್ಮನಿಯ ನಗರಗಳ ಆಡಳಿತಗಾರರಿಗೆ ಬರೆದದ್ದು 1524ರಲ್ಲಿ. ನನ್ನ ಮುತ್ತಜ್ಜಿಯ ಕೈಗೆ ಸ್ಲೇಟು ಬಂದದ್ದಕ್ಕೂ ಆ ಬರಹಕ್ಕೂ ನಂಟಿದೆ ಎಂದು ನಾನು ನಂಬಿದ್ದೇನೆ.

ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರ್ಕಾರದ ಸೀಮೆಯ ಬಾಗಿಲು ತೆರೆದದ್ದು 1833ರ ಸನ್ನದಿನಿಂದ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಮಿಷನ್ನಿನವರು ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಬೆಟಗೇರಿಯಲ್ಲಿ ಠಾಣೆ ಹಾಕಿದರು. ಆಗ ನಮ್ಮ ಈ ಭಾಗವನ್ನು ಸರ್ಕಾರದ ಕಾಗದಗಳು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದವು. ಜನ ಆಡುವುದು ಕನ್ನಡ, ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮೇಲುಗೈ ಮರಾಠಿಯದು. ಜನರ ಮಾತಿನಲ್ಲೇ ಬೋಧಿಸಬೇಕೆಂದು ಬಂದವರು ಸಹಜವಾಗಿ ಕನ್ನಡದ ಕಡೆ ನಿಂತರು. ಕನ್ನಡ ಶಾಲೆಗಳಿಗಾಗಿ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮತ್ತು ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಶ್ರಮ ದೊಡ್ಡದು, ಅದನ್ನು ಮಿಷನ್ನಿನ ಲೆಕ್ಕಕ್ಕೆ ಬರೆಯಬಾರದು. ಆದರೆ ಆ ದಿನಗಳಲ್ಲಿ ಮಿಷನ್ನಿನ ಶಾಲೆಗಳಲ್ಲಿಯೂ ಮಕ್ಕಳು ಕನ್ನಡದಲ್ಲಿ ಓದುತ್ತಿದ್ದರೆಂಬುದನ್ನು ಮರೆಯಲೂಬಾರದು.

ಆರಂಭದ ದಿನಗಳಲ್ಲಿ ಅವರಿಗೆ ದೊಡ್ಡ ಆಸೆಯೊಂದು ಹುಟ್ಟಿತ್ತು. ಹುಬ್ಬಳ್ಳಿಯ ಸುತ್ತಲಿನ ಕಾಲಜ್ಞಾನಿಗಳೆಂಬ ಪಂಥದವರು, ತಮ್ಮ ಕಾಲಜ್ಞಾನದ ವಚನಗಳಲ್ಲಿ ಹೇಳಿದ ಕಾಲ ಬಂತೆಂದುಕೊಂಡು ಈ ಪರದೇಶದ ಬೋಧಕರ ಬಳಿಗೆ ಬಂದರು. ಸಾವಿರಾರು ಜನ ಒಟ್ಟಾಗಿ ಸಭೆ ಸೇರುವರೆಂದು ಹರ್ಮನ್ ಮೋಗ್ಲಿಂಗ್ ಮತ್ತು ಅವನ ಜೊತೆಯವರು ನಂಬಿದರು. ಹಾಗೆ ಬಂದವರು ಊರು, ಬಂಧುಬಳಗ, ಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ, ಅವರಿಗೆ ನಿಲ್ಲಲು ನೆಲ ಬೇಕು ಎಂದು ಗದಗಿನ ಹತ್ತಿರದ ಮಲಸಮುದ್ರದಲ್ಲಿ 1841ರಲ್ಲಿ ಒಂದು ಕೃಷಿ ವಸಾಹತನ್ನು ಆರಂಭಿಸಿದರು. ನಿರೀಕ್ಷಿಸಿದ ಜನ ಬರಲಿಲ್ಲ, ವಸಾಹತು ನಿಲ್ಲಲಿಲ್ಲ. ಆ ಎರೆಯ ನೆಲದ ಮೇಲೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೆ ಆ ಹುಡುಗರ ನೆನಪಾಗುತ್ತದೆ. ಹೌದು, ಹುಡುಗರೇ. ಮೋಗ್ಲಿಂಗನಿಗೆ ಆಗ ಮೂವತ್ತು ವರ್ಷ.

ಜನ ಸಭೆಗೆ ಬರಲಿಲ್ಲ, ಶಾಲೆಗೆ ಬಂದರು. ಮಗಳೇ, ನಮ್ಮ ಇತಿಹಾಸದಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವ ಸಂಗತಿ ಇದೇ. ಲಿಂಗಾಯತರ, ಬ್ರಾಹ್ಮಣರ, ಮುಸಲ್ಮಾನರ, ಜೈನರ ಮಕ್ಕಳು ಬಂದು ಓದಿ, ದೀಕ್ಷಾಸ್ನಾನದ ಗೊಡವೆಯಿಲ್ಲದೆ ತಮ್ಮ ಮನೆಗೆ ಹೋದರು. ನಾನು ಕಲಿಸಿದ ತರಗತಿಗಳಲ್ಲಿಯೂ ನಮ್ಮ ಸಭೆಯ ಮಕ್ಕಳು ಬೆರಳೆಣಿಕೆಯಷ್ಟೇ ಇರುತ್ತಿದ್ದರು. ಇದನ್ನು ಸೋಲೆಂದು ಬಗೆದ ಮಿಷನರಿಗಳಿದ್ದರು, ನನಗೆ ಎಂದೂ ಹಾಗೆನಿಸಿಲ್ಲ. 1856ರಲ್ಲಿ ಇದೇ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಮಹಾರ್ ಜಾತಿಯ ಹುಡುಗನೊಬ್ಬ ಅರ್ಜಿ ಕೊಟ್ಟಾಗ, ಅವನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಡುವರೆಂಬ ಭಯದಿಂದ ನಿರಾಕರಿಸಿದರು. ಆ ಪ್ರಕರಣ ಮುಂಬಯಿ ಸರ್ಕಾರವನ್ನೂ ಅದರ ಮೇಲಿನವರನ್ನೂ ಮುಟ್ಟಿತು. ಅಂಥ ಊರಿನಲ್ಲಿ, ಜಾತಿ ಕೇಳಿ ಬಾಗಿಲು ಮುಚ್ಚಕೂಡದೆಂಬ ನಿಯಮದ ಶಾಲೆಯೊಂದು ಇದ್ದುದು ಸಣ್ಣ ಮಾತಲ್ಲ.

ಕಿಟ್ಟೆಲರ ವಿಷಯ ನಿನಗೆ ಗೊತ್ತೇ ಇದೆ, ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ. 1853ರಲ್ಲಿ ಬಂದ ಅವರು ಮೊದಲು ನೆಲೆಸಿದ್ದು ನಮ್ಮ ಧಾರವಾಡದಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ, ಮತ್ತು ದಕ್ಷಿಣ ಮರಾಠಾ ಸೀಮೆಯದೆಂದು ಗುರುತು ಹಾಕಿದ ಶಬ್ದಗಳ ಮುಂದೆ ನಿಂತರೆ ನನಗೆ ನಮ್ಮ ಅವ್ವನ ದನಿ ಕೇಳಿಸುತ್ತದೆ. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ವಿಶ್ವವಿದ್ಯಾಲಯ ನಿನ್ನಿಂದ ದೂರವಿಲ್ಲ. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲಿಯೇ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು, ಈಶ್ವರ ಸಂವತ್ಸರಕ್ಕೂ ಬರ ಮುಂದುವರಿಯಿತು. ಹಿರಿಯರು ಅದನ್ನು ಧಾತು ಈಶ್ವರದ ಬರವೆಂದೇ ಕರೆಯುತ್ತಿದ್ದರು. ತಂದೆತಾಯಿ ಸತ್ತ, ಅಥವಾ ಸಾಕಲಾರದೆ ಬಿಟ್ಟುಹೋದ ಮಕ್ಕಳನ್ನು ಮಿಷನರಿಗಳು ಅನಾಥಾಲಯಗಳಿಗೆ ಸೇರಿಸಿಕೊಂಡರು. ಕಾಲಜ್ಞಾನಿಗಳಿಂದ ಕಟ್ಟಬೇಕೆಂದಿದ್ದ ಸಭೆ ಈ ಮಕ್ಕಳಿಂದ ಬೆಳೆಯಿತು. ನನ್ನ ಮುತ್ತಜ್ಜಿ ಅವರಲ್ಲಿ ಒಬ್ಬಳು. ಆಗ ಅವಳಿಗೆ ಐದೋ ಆರೋ ವರ್ಷ. ಯಾವ ಊರಿನವಳು, ಯಾವ ಜಾತಿಯವಳು ಎಂಬುದು ಅವಳಿಗೇ ನೆನಪಿರಲಿಲ್ಲ. ಕಪ್ಪು ಹೊಲ, ಕತ್ತಾಳೆಯ ಬೇಲಿ, ಬತ್ತಿದ ಭಾವಿಯ ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ಅಣ್ಣ, ಇಷ್ಟು ಮಾತ್ರ ಅವಳ ಕಣ್ಣಿನಲ್ಲಿ ಉಳಿದಿತ್ತೆಂದು ನನ್ನಜ್ಜಿ ಹೇಳುತ್ತಿದ್ದಳು. ಅವಳು ಓದು ಬರಹ, ಹೊಲಿಗೆ ಕಲಿತು, ದೃಢೀಕರಣ ಪಡೆದು, ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾದಳು. ಅವಳ ಮಗಳೂ ಶಿಕ್ಷಕಿ, ಮೊಮ್ಮಗಳೂ ಶಿಕ್ಷಕಿ, ನಾಲ್ಕನೆಯವಳು ನಾನು.

ದೀಕ್ಷಾಸ್ನಾನದಲ್ಲಿ ಅವಳಿಗೆ ಹೊಸ ಹೆಸರಿಟ್ಟರು. ನಮ್ಮ ಮನೆಯ ಸತ್ಯವೇದದ ಮೊದಲ ಪುಟದಲ್ಲಿ ಅವಳೇ ದುಂಡಗೆ ಬರೆದ ಆ ಹೆಸರಿದೆ. ಅದಕ್ಕೆ ಮುಂಚಿನ ಹೆಸರು ಎಲ್ಲಿಯೂ ಇಲ್ಲ. ಅವಳ ಜೀವ ಉಳಿಸಿದವರ ಬಗ್ಗೆ ನನ್ನಲ್ಲಿ ಕೃತಜ್ಞತೆಯಿದೆ, ಅದರ ಜೊತೆಗೆ ಈ ಒಂದು ನೋವೂ ಇದೆ. ತಾಯಿಯೊಬ್ಬಳು ಕರೆದ ಹೆಸರನ್ನು ಹೊಸದರ ಪಕ್ಕದಲ್ಲಿ ಬರೆದಿಡಲು ಒಂದು ಸಾಲು ಸಾಕಾಗುತ್ತಿತ್ತು. ಸಭೆಗಳನ್ನು ಬಹುಕಾಲ ಮಕ್ಕಳಂತೆಯೇ ಸಾಕಿದರೆಂಬುದೂ ನಿಜ, ಸಣ್ಣಪುಟ್ಟದಕ್ಕೂ ಬಾಸೆಲ್ಲಿನ ಸಮಿತಿಯ ಪತ್ರ ಬರಬೇಕಾಗಿತ್ತು.

ಆ ಪತ್ರಗಳ ಕಾಲ 1914ರಲ್ಲಿ ಒಮ್ಮೆಲೇ ಕಡಿಯಿತು. ಯುದ್ಧ ಆರಂಭವಾಗಿ, ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಸೆರೆಯಲ್ಲಿಟ್ಟು, ಆಮೇಲೆ ದೇಶದಿಂದ ಕಳುಹಿಸಿತು. ಆ ದಿನಗಳಲ್ಲಿ ಪ್ರಸಂಗ ಮಾಡಿದವರು, ಶಾಲೆಯ ಗಂಟೆ ಹೊಡೆದವರು, ಸಂಬಳ ಬಂದರೂ ಬಾರದಿದ್ದರೂ ಹಾಜರಿ ಪುಸ್ತಕ ತೆರೆದವರು ನಮ್ಮವರೇ. ಜರ್ಮನ್ನರು ಕಟ್ಟಿದ ಶಾಲೆ ಎಂದು ಯಾರಾದರೂ ಅಂದಾಗ ನಾನು ತಿದ್ದಲು ಹೋಗುತ್ತೇನೆ. ಕಟ್ಟಿದ್ದು ಅವರು, ನಡೆಸಿಕೊಂಡು ಬಂದದ್ದು ಬರಗಾಲದ ಮಕ್ಕಳು ಮತ್ತು ಅವರ ಮಕ್ಕಳು. 1947ರ ಸೆಪ್ಟೆಂಬರ್ 27ರಂದು ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿತು, ಇಂದು ನಮ್ಮ ಸಭೆಗಳು ಅದರ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ಹಾಗಾಗಿ ಇಂದಿನ ದಾಖಲೆಯಲ್ಲಿ ನಮಗೆ ಲುಥೆರನ್ ಎಂಬ ಹೆಸರಿಲ್ಲ. ರಾಗಗಳು ಮಾತ್ರ ಸಂಗೀತ ಪುಸ್ತಕದಲ್ಲಿ ಉಳಿದವು, ಅವೇ ಅಲ್ಲಿ ನಿನ್ನ ಕಿವಿಗೆ ಬಿದ್ದವು.

ನಿನ್ನಲ್ಲಿ ಒಂದು ಕೇಳಿಕೆಯಿದೆ. ಬಾಸೆಲ್ ನಿನ್ನಿಂದ ರೈಲಿನಲ್ಲಿ ಕೆಲವು ಗಂಟೆಗಳ ದಾರಿ. ಇಲ್ಲಿಂದ ಹೋದ ವರದಿಗಳು, ಪತ್ರಗಳು, ಫೋಟೋಗಳು ಅಲ್ಲಿನ ಮಿಷನ್ ದಾಖಲೆ ಭಂಡಾರದಲ್ಲಿವೆ. ರಜೆ ಸಿಕ್ಕಾಗ ಹೋಗಿ, 1877 ಮತ್ತು 1878ನೆಯ ಇಸವಿಯ ನಮ್ಮ ಸೀಮೆಯ ಕಾಗದಗಳನ್ನು ಕೇಳು. ಅನಾಥ ಹೆಣ್ಣುಮಕ್ಕಳ ಪಟ್ಟಿ ಎಲ್ಲಿಯಾದರೂ ಸಿಕ್ಕಿ, ಅದರಲ್ಲಿ ಮುತ್ತಜ್ಜಿಯ ಹೆಸರಿನ ಮುಂದೆ ಹಳೆಯ ಹೆಸರನ್ನೂ ಯಾರಾದರೂ ಪುಣ್ಯಾತ್ಮರು ಗುರುತು ಮಾಡಿದ್ದರೆ, ಫೋನಿನಲ್ಲಿ ಹೇಳಬೇಡ, ಕಾಗದದಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಕಳುಹಿಸು. ಸತ್ಯವೇದದ ಆ ಪುಟದಲ್ಲಿ ಅವಳ ಹೆಸರಿನ ಎಡಕ್ಕೆ ಇನ್ನೂ ಜಾಗವಿದೆ.

ನಿನ್ನ ಪ್ರೀತಿಯ
ಅವ್ವ